ಅಣ್ಣನಿಗೆ ಕೇಳಿಸದ ಜಾಹೀರಾತು

ನಮ್ಮ ಊರಿನಲ್ಲಿ ಜಾಹೀರಾತು ಎಲ್ಲರಿಗೂ ಒಂದೇ ದಾರಿಯಲ್ಲಿ ತಲುಪುವುದಿಲ್ಲ. ಕೆಲವರಿಗೆ ಗೋಡೆಯ ಮೇಲೆ ಬರೆದದ್ದು ಮಾತ್ರ ಕಾಣುತ್ತದೆ, ಕೆಲವರಿಗೆ ಪತ್ರಿಕೆಯಲ್ಲಿ ಅಚ್ಚಾದದ್ದು, ಕೆಲವರಿಗೆ ಟಾಕೀಸಿನ ಪರದೆಯ ಮೇಲೆ ಬಿಟ್ಟ ಸ್ಲೈಡು. ಇನ್ನು ಕೆಲವರಿಗೆ ಆಟೋದ ಮೇಲೆ ಕಟ್ಟಿದ ಮೈಕಿನಲ್ಲಿ ಕೂಗಿದ್ದು ಮಾತ್ರ ಕೇಳಿಸುತ್ತದೆ. ಹಾಗಾಗಿ ಜನರನ್ನು ನಾವು ಗೋಡೆಯವರು, ಪತ್ರಿಕೆಯವರು, ಪರದೆಯವರು, ಮೈಕಿನವರು ಎಂದು ಕರೆಯುತ್ತೇವೆ. ನಾನು ಗೋಡೆಯವಳು. ದಸ್ತಗೀರ್‌ ಸಾಬರ ಆಟೋ ನನ್ನ ಕಚೇರಿಯ ಬಾಗಿಲಲ್ಲೇ ನಿಂತು ಕೂಗಿದರೂ ನನಗೆ ಕೇಳಿಸುವುದು ಜೇನುಗೂಡಿನಂಥ ಒಂದು ಗುಂಯ್ಯೆನ್ನುವ ಸದ್ದು ಅಷ್ಟೇ. ಪತ್ರಿಕೆ ಬಿಡಿಸಿದರೆ ಸುದ್ದಿಗಳೆಲ್ಲ ಕಾಣುತ್ತವೆ, ಜಾಹೀರಾತಿನ ಜಾಗ ಬೆಳ್ಳಗೆ ಖಾಲಿ ಇರುತ್ತದೆ.

ಒಬ್ಬರು ಕಂಡ ಜಾಹೀರಾತನ್ನು ಇನ್ನೊಬ್ಬರಿಗೆ ಬಾಯಿಂದ ಹೇಳಿದರೆ ಅದು ನಿಲ್ಲುವುದಿಲ್ಲ. ಕೇಳಿದವರು ಹೂಂ ಎನ್ನುತ್ತಾರೆ, ಹೊಸ್ತಿಲು ದಾಟುವಷ್ಟರಲ್ಲಿ ಮರೆತಿರುತ್ತಾರೆ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಪತ್ರಿಕೆಯಲ್ಲಿ ಓದಿದ ಹೆಂಡತಿ, ಮೈಕಿನವನಾದ ಗಂಡನಿಗೆ ಹಂಡೆ ತುಂಬಿಡಿ ಎಂದಷ್ಟೇ ಹೇಳುತ್ತಾಳೆ. ಯಾಕೆ ಎಂದು ಅವನು ಕೇಳುವುದಿಲ್ಲ. ಕೇಳಿದರೂ ಪ್ರಯೋಜನವಿಲ್ಲ ಎಂದು ಇಬ್ಬರಿಗೂ ಗೊತ್ತು. ಮನೆಗೆ ಸೊಸೆ ತರುವಾಗ ಹುಡುಗಿ ಯಾವ ಕಡೆಯವಳು ಎಂದು ವಿಚಾರಿಸುವವರಿದ್ದಾರೆ. ಮನೆಯಲ್ಲಿ ಮೂವರು ಪತ್ರಿಕೆಯವರೇ ಇದ್ದರೆ ಪರದೆಯವಳೊಬ್ಬಳು ಬಂದರೆ ಒಳ್ಳೆಯದು ಎನ್ನುವ ಲೆಕ್ಕಾಚಾರ. ವಯಸ್ಸಾದಂತೆ, ಹೆರಿಗೆಯ ನಂತರ, ಕೆಲವೊಮ್ಮೆ ದೊಡ್ಡ ಜ್ವರವೊಂದು ಬಂದು ಹೋದ ಮೇಲೆ ಈ ದಾರಿ ಬದಲಾಗುವುದೂ ಉಂಟು. ನನಗೂ ಹಾಗೇ ಆಯಿತು. ಮಗ ಹುಟ್ಟಿದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಬಂದಾಗ, ಎದುರಿನ ಬೋಳು ಗೋಡೆಯ ಮೇಲೆ ಇದ್ದಕ್ಕಿದ್ದಂತೆ ಆಳೆತ್ತರದ ಅಕ್ಷರಗಳು ಎದ್ದು ನಿಂತದ್ದನ್ನು ನೋಡಿ ಕೂಸನ್ನು ಎದೆಗೆ ಅವಚಿಕೊಂಡು ಒಳಗೆ ಓಡಿದ್ದೆ. ಅದು ಹಲ್ಲುಪುಡಿಯ ಜಾಹೀರಾತು.

ಇಂಥ ಊರಿನಲ್ಲಿ ನನ್ನ ಕಸುಬು ನಡೆಯುವುದು ಕಷ್ಟವೇನಲ್ಲ. ಮಾವನವರು ಗೋಡೆ ಬರೆಯುತ್ತಿದ್ದರು. ಅವರ ಕಾಲದ ನಂತರ ನಾನು ಬ್ರಷ್ಷು ಹಿಡಿಯುವ ಬದಲು ಒಂದು ಮೇಜು ಹಾಕಿಕೊಂಡು ಕುಳಿತೆ. ಯಾವ ಮಾತನ್ನು ಯಾವ ದಾರಿಯಲ್ಲಿ ಕಳಿಸಬೇಕು, ಎಷ್ಟು ದಿನ ಕಳಿಸಬೇಕು, ಇರುವ ಹಣವನ್ನು ನಾಲ್ಕು ಕಡೆಗೆ ಹೇಗೆ ಹಂಚಬೇಕು ಎಂದು ಗಿರಾಕಿಗಳಿಗೆ ಹೇಳುವುದು, ಅವರ ಪರವಾಗಿ ಗೋಡೆ, ಪತ್ರಿಕೆಯ ಜಾಗ, ಸ್ಲೈಡು, ಆಟೋ ಗೊತ್ತು ಮಾಡುವುದು ನನ್ನ ಕೆಲಸ. ಗಿರಾಕಿಗಳ ಹಟ ಒಂದೇ. ತಮಗೆ ಕಾಣುವ ಕಡೆಯೇ ಹೆಚ್ಚು ಹಣ ಹಾಕಬೇಕು ಎನ್ನುತ್ತಾರೆ. ಪತ್ರಿಕೆಯ ಎಣ್ಣೆ ವ್ಯಾಪಾರಿಗೆ ಗೋಡೆಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ ಕಾಣುತ್ತದೆ. ಅವನನ್ನು ಗೋಡೆಯ ಮುಂದೆ ನಿಲ್ಲಿಸಿ, ಅಲ್ಲಿ ನಿಂತು ಓದುವವರ ಮುಖ ತೋರಿಸಿದರೆ ಅರ್ಧ ನಂಬುತ್ತಾನೆ.

ಶಂಭುಲಿಂಗಪ್ಪ ನನ್ನ ಹಳೆಯ ಗಿರಾಕಿ. ಪೇಟೆಯಲ್ಲಿ ಅವನದು ದೊಡ್ಡ ಪಾತ್ರೆ ಅಂಗಡಿ. ದೀಪಾವಳಿಯ ಮುಂದೆ ಒಂದು, ಮದುವೆಯ ದಿನಗಳಲ್ಲಿ ಒಂದು, ಹೀಗೆ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಆವತ್ತು ಎರಡೂ ಅಲ್ಲದ ಹೊತ್ತಿನಲ್ಲಿ ಬಂದ. ಕುರ್ಚಿಯ ತುದಿಯಲ್ಲಿ ಕುಳಿತ, ಟೀ ತರಿಸಿದರೆ ಕುಡಿಯಲಿಲ್ಲ.

“ಈ ಸಲ ಅಂಗಡೀದಲ್ಲ ಪ್ರಮೀಳಕ್ಕಾ, ಮನೇದು. ಊರಿಗೆಲ್ಲಾ ಮುಟ್ಟೋದು ಬೇಡ. ಒಬ್ಬಳಿಗೆ ಮುಟ್ಟಿದ್ರೆ ಸಾಕು” ಎಂದ.

ಆ ಒಬ್ಬಳು ಅವನ ತಂಗಿ ನೀಲಾಂಬಿಕೆ. ಮದುವೆ ಬೇಡವೆಂದು, ತನ್ನ ದುಡಿಮೆ ತಾನು ಮಾಡಿಕೊಳ್ಳುತ್ತೇನೆಂದು ಮನೆ ಬಿಟ್ಟು ಹೋಗಿ, ಆಗ ಟಾಕೀಸಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ್ದಳಂತೆ. ಅವರ ಅಪ್ಪ ಮಹಾರುದ್ರಪ್ಪನವರು ತೀರಿಕೊಂಡ ಮೇಲೆ ಆ ಕೆಲಸವನ್ನೂ ಬಿಟ್ಟು ಎಲ್ಲೋ ಹೊರಟುಹೋದಳಂತೆ. ಹೊಳೆಯಾಚೆಯ ಹೊಸ ಬಡಾವಣೆಗಳಲ್ಲಿ ಇದ್ದಾಳೆಂದು ಯಾರೋ ಹೇಳಿದ್ದರು. ಅಲ್ಲಿ ಹುಡುಕಲು ಹೋದರೆ ಬೀದಿಗಳಿಗೆ ಕೊನೆಯಿಲ್ಲ. ಈಗ ಶಂಭುಲಿಂಗಪ್ಪನ ಮಗಳು ದಾಕ್ಷಾಯಣಿಗೆ ಮದುವೆ ಗೊತ್ತಾಗಿತ್ತು. ಅರಿಶಿನ ಹಚ್ಚುವುದಕ್ಕೆ ಸೋದರತ್ತೆ ಬರಬೇಕು, ಅತ್ತೆ ಬರದೆ ಹಸೆಗೆ ಕೂರುವುದಿಲ್ಲ ಎಂದು ಹುಡುಗಿ ಪಟ್ಟು ಹಿಡಿದಿದ್ದಳು. ಸಣ್ಣವಳಿದ್ದಾಗ ಅವಳನ್ನು ಎತ್ತಿ ಆಡಿಸಿದವಳು ಆ ಅತ್ತೆಯೇ.

ತಂಗಿ ಯಾವ ಕಡೆಯವಳು ಎಂದು ಕೇಳಿದೆ. “ಆವಾಗ ಪತ್ರಿಕೆಯವಳು. ಈಗ ಏನೋ, ಯಾರಿಗ್ಗೊತ್ತು” ಎಂದು ಕೈ ಅಲ್ಲಾಡಿಸಿದ.

ಅವನು ಬರೆದು ತಂದಿದ್ದ ಒಕ್ಕಣೆ ಹೀಗಿತ್ತು: ತಂಗಿ ನೀಲಾಂಬಿಕೆ, ಅಪ್ಪ ಹೋದಾಗಲೂ ನೀನು ಬರಲಿಲ್ಲ. ಅದನ್ನೆಲ್ಲ ಮರೆತಿದ್ದೇನೆ. ದಾಕ್ಷಾಯಣಿಯ ಮದುವೆಗಾದರೂ ಬಾ. ನಿನ್ನ ಅಣ್ಣ ಶಂಭುಲಿಂಗಪ್ಪ. ನಾನು ಅಪ್ಪನ ಮಾತನ್ನೂ ಮರೆತಿದ್ದೇನೆ ಎನ್ನುವುದನ್ನೂ ತೆಗೆಯೋಣ ಎಂದೆ. ಮಾತು ಉದ್ದವಾದಷ್ಟು ಗೋಡೆಯ ಮೇಲೆ ಅಕ್ಷರ ಸಣ್ಣದಾಗುತ್ತದೆ, ಪತ್ರಿಕೆಯಲ್ಲಿ ಜಾಗ ಹೆಚ್ಚು ಬೇಕಾಗುತ್ತದೆ. ಮದುವೆಗೆ ಬಾ ಎಂದರೆ ಸಾಲದೆ ಎಂದು ಕೇಳಿದೆ. ಅವನು ಒಪ್ಪಲಿಲ್ಲ. ಅದು ಇರಲಿ, ಅಣ್ಣನ ಮನಸ್ಸು ದೊಡ್ಡದು ಎಂದು ಅವಳಿಗೆ ಗೊತ್ತಾಗಬೇಕು ಎಂದ. ಹಣ ಅವನದು. ಒಕ್ಕಣೆಯನ್ನು ಹಾಗೆಯೇ ನಕಲು ಮಾಡಿಕೊಂಡೆ.

ಸಾವಿರಾರು ಜನಕ್ಕೆ ಒಂದು ಸೋಪು ಮಾರುವುದು ಸುಲಭ. ಅರ್ಧ ಜನಕ್ಕೆ ಮುಟ್ಟಿದರೂ ಕೆಲಸ ಆದಂತೆಯೇ. ಒಬ್ಬಳಿಗಾಗಿ ಊರೆಲ್ಲ ಬಲೆ ಹಾಕುವ ಕೆಲಸ ನನಗೆ ಹೊಸದು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಎರಡು ದಿನ ಕುಳಿತು ಯೋಚಿಸಿದೆ. ಅವಳು ಈಗಲೂ ಪತ್ರಿಕೆಯವಳೇ ಆಗಿದ್ದರೆ ಭಾನುವಾರದ ಪತ್ರಿಕೆ ಸಾಕು. ನಲವತ್ತು ದಾಟಿದ ಹೆಂಗಸರಲ್ಲಿ ಗೋಡೆಗೆ ಹೊರಳುವವರು ಹೆಚ್ಚು ಎಂಬುದು ನನ್ನ ಅನುಭವ. ಗೋಡೆಗೆ ಇನ್ನೊಂದು ಗುಣವಿದೆ, ಅದು ಕಾದುಕೊಂಡು ನಿಂತಿರುತ್ತದೆ. ಆಟೋ ಬೀದಿಗೆ ಬಂದ ಹೊತ್ತಿನಲ್ಲಿ ಅವಳು ಸ್ನಾನಕ್ಕೆ ಹೋಗಿದ್ದರೆ ಕೂಗಿದ್ದೆಲ್ಲ ವ್ಯರ್ಥ. ಹಾಗಾಗಿ ಹಣದ ದೊಡ್ಡ ಪಾಲನ್ನು ಗೋಡೆಗಳಿಗೆ ಹಾಕಿದೆ. ದೊಡ್ಡ ರಸ್ತೆಯ ದುಬಾರಿ ಗೋಡೆಗಳನ್ನು ಬಿಟ್ಟು ಹೆಂಗಸರು ನಿಲ್ಲುವ ಕಡೆ ಹುಡುಕಿದೆ. ಹಿಟ್ಟಿನ ಗಿರಣಿ, ಹಾಲಿನ ಡೈರಿ, ಶಾಲೆಯ ಗೇಟು, ಹೆರಿಗೆ ಆಸ್ಪತ್ರೆಯ ಎದುರು. ಪತ್ರಿಕೆಗೆ ಮೂರು ಭಾನುವಾರ ಕೊಟ್ಟೆ. ಎರಡು ಟಾಕೀಸುಗಳಲ್ಲೂ ಮಧ್ಯಾಹ್ನದ ಆಟಕ್ಕೆ ಸ್ಲೈಡು. ಉಳಿದದ್ದರಲ್ಲಿ ದಸ್ತಗೀರ್‌ ಸಾಬರ ಆಟೋ, ಬೆಳಿಗ್ಗೆ ತರಕಾರಿ ಗಾಡಿ ಬರುವ ಹೊತ್ತಿಗೆ. ಶಂಭುಲಿಂಗಪ್ಪ ಮೈಕಿನವನು. ಆದರೂ ಮೈಕಿಗೆ ಇನ್ನಷ್ಟು ಹಾಕಿ ಎಂದು ಅವನು ಈ ಸಲ ಹಟ ಮಾಡಲಿಲ್ಲ.

ಊರಿಗೆ ಬೇಡ ಎಂದರೂ ಅದು ಊರಿಗೆಲ್ಲ ಮುಟ್ಟಿತು. ಅಂಗಡಿಗೆ ಬಂದವರು ಚೊಂಬು ತಿರುಗಿಸಿ ನೋಡುತ್ತ, ತಂಗಿ ಸಿಕ್ಕಳಾ ಎಂದು ಕೇಳುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡು ಕೇಳಿದ್ದಲ್ಲ, ಒಬ್ಬೊಬ್ಬರೂ ತಮ್ಮ ದಾರಿಯಲ್ಲೇ ಕಂಡು ಕೇಳಿದ್ದು. ಅಪ್ಪನ ಮಣ್ಣಿಗೂ ಬಾರದವಳನ್ನು ಕರೆಯುವುದಕ್ಕೆ ಇಷ್ಟು ಖರ್ಚು ಮಾಡುತ್ತಿದ್ದಾನಲ್ಲ, ಅಣ್ಣ ಎಂದರೆ ಹೀಗಿರಬೇಕು ಎಂದು ಹಾಲಿನ ಡೈರಿಯ ಮುಂದೆ ಇಬ್ಬರು ಮಾತಾಡಿಕೊಂಡದ್ದನ್ನು ನಾನೇ ಕೇಳಿದೆ. ಮೂರು ಭಾನುವಾರ ಮುಗಿದವು. ಯಾರೂ ಬರಲಿಲ್ಲ. ನನ್ನ ಬಲೆಯಲ್ಲಿ ಎಲ್ಲಿ ತೂತು ಉಳಿಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಕಚೇರಿಗೆ ಬಂದಳು. ತೆಳ್ಳಗಿನ ಆಳು, ಕಂದು ಬಣ್ಣದ ನೂಲಿನ ಸೀರೆ, ಸೆರಗಿನ ತುದಿಯಲ್ಲಿ ಎರಡು ಗುಂಡುಪಿನ್ನು ಚುಚ್ಚಿಕೊಂಡಿದ್ದಳು. ಕೊರಳಿಗೆ ಹೊಲಿಗೆಯ ಟೇಪು ಹಾಕಿಕೊಂಡವಳು ಅದನ್ನು ತೆಗೆಯುವುದನ್ನೇ ಮರೆತು ಬಂದಿದ್ದಳು. ಕುಳಿತುಕೊಳ್ಳಿ ಎಂದೆ. ಕುಳಿತಳು.

“ನೀವು ಹಾಕ್ಸಿದ್ದು ಚೆನ್ನಾಗಿ ಮುಟ್ಟಿದೆ ಅಕ್ಕಾ. ನಾನೇ ನೀಲಾಂಬಿಕೆ” ಎಂದಳು.

ಅವಳೀಗ ಗೋಡೆಯವಳು. ಜಾಹೀರಾತು ಬರೆಸಿದ ಮೊದಲ ವಾರವೇ, ಗಿರಣಿಯಲ್ಲಿ ಗೋಧಿ ಬೀಸಿಸಲು ನಿಂತಾಗ ಓದಿದ್ದಳು. ಅಕ್ಕಪಕ್ಕ ನಿಂತವರೂ ಅದನ್ನೇ ಓದುತ್ತಿದ್ದರಂತೆ. ಹೊಳೆಯಾಚೆ ಅವಳು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಬಾಡಿಗೆಯ ಒಂದು ಕೋಣೆ, ಆರು ಮಿಷನ್ನು. ಅಪ್ಪನ ಸಾವಿಗೂ ಹೋಗದವಳ ಹತ್ತಿರ ನಮ್ಮ ಹುಡುಗಿ ಏನು ಕಲಿತಾಳು ಎಂದು ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಈಗ ಎರಡು ಮಿಷನ್ನು ಮಾತ್ರ ಓಡುತ್ತಿದ್ದವು.

ಅಪ್ಪ ಕಾಯಿಲೆ ಬಿದ್ದಿದ್ದು ಅವಳಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಅಣ್ಣ ಮಾತಾಡಿಸುತ್ತಿರಲಿಲ್ಲ, ಬಾಗಿಲಂತೂ ತೆಗೆಯುತ್ತಿದ್ದ. ಒಂದು ಸಲ ಅಪ್ಪನಿಗೆಂದು ಮೆತ್ತನೆಯ ಬಟ್ಟೆಯಲ್ಲಿ, ಮಲಗಿದ್ದವರಿಗೆ ತೊಡಿಸಲು ಸುಲಭವಾಗಲಿ ಎಂದು ಮುಂದೆ ಪೂರ್ತಿ ಬಿಚ್ಚುವಂತೆ, ಒಂದು ಅಂಗಿ ಹೊಲಿದು ತೆಗೆದುಕೊಂಡು ಹೋದಳು. ಪಡಸಾಲೆಯ ಗೋಡೆಯ ಮೇಲೆ ಅಪ್ಪನ ಫೋಟೋಗೆ ಹಾರ ಹಾಕಿತ್ತು. ಹಾರದ ಹೂವು ಒಣಗಿತ್ತು. ತೀರಿಕೊಂಡವರಿಗೆ ಮಾಡುವ ಶಿವಗಣಾರಾಧನೆಯೂ ಮುಗಿದುಹೋಗಿತ್ತು. ಅವಳು ಅಂಗಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಿ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ.

ಸಾವಿನ ಸುದ್ದಿಯನ್ನು ಅಣ್ಣ ಮೈಕಿನಲ್ಲಿ ಮಾತ್ರ ಸಾರಿಸಿದ್ದ. ಟಾಕೀಸಿಗೆ ಒಬ್ಬ ಆಳನ್ನೂ ಕಳಿಸಿರಲಿಲ್ಲ; ಮನೆಯಿಂದಲೇ ನೇರವಾಗಿ ಹೇಳಿ ಕಳಿಸಿದ ಮಾತಾಗಿದ್ದರೆ ನಿಲ್ಲುತ್ತಿತ್ತು. ಅವಳು ಪತ್ರಿಕೆಯವಳು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ತನ್ನ ಹೆಸರಿನಲ್ಲಿ ಊರಿಗೆ ಜಾಹೀರು ಮಾಡಿಸಬೇಕು ಎಂದಳು.

ಆವಾಗ ಪತ್ರಿಕೆಯವಳು ಎಂದು ಅವನೇ ನನ್ನ ಮುಂದೆ ಹೇಳಿದ್ದು ನೆನಪಾಯಿತು. ಆದರೂ ಇಂಥ ಮಾತನ್ನು ಒಂದೇ ಕಡೆಯಿಂದ ಕೇಳಿ ಗೋಡೆಗೆ ಹಾಕುವುದು ನನ್ನ ಪದ್ಧತಿಯಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿ ದಸ್ತಗೀರ್‌ ಸಾಬರ ಮನೆಗೆ ಹೋದೆ. ಅವರು ಆಟೋ ತೊಳೆಯುತ್ತಿದ್ದರು. ಮಹಾರುದ್ರಪ್ಪನವರ ಸಾವಿನ ಸುದ್ದಿ ಕೂಗಿದ್ದು ನೀವೇನಾ ಎಂದು ಕೇಳಿದೆ. ತಾವೇ ಎಂದರು. ದೊಡ್ಡ ಮನುಷ್ಯರ ಸಾವು, ಪತ್ರಿಕೆಗೂ ಕೊಡಿ, ಒಂದು ಸ್ಲೈಡಾದರೂ ಬಿಡಿಸಿ ಎಂದು ಅವರು ಹೇಳಿದ್ದರಂತೆ. ಬೇಡ, ಮೈಕೊಂದೇ ಸಾಕು ಎಂದಿದ್ದನಂತೆ ಶಂಭುಲಿಂಗಪ್ಪ. ದುಃಖದಲ್ಲಿ ಇದ್ದಾನೆ, ಯಾಕೆ ಬಲವಂತ ಎಂದು ಸಾಬರು ಸುಮ್ಮನಾಗಿದ್ದರು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಅವರು ವಿಚಾರಿಸಲಿಲ್ಲ. ಒದ್ದೆ ಬಟ್ಟೆ ಹಿಂಡಿ ಮತ್ತೆ ಆಟೋ ಒರೆಸತೊಡಗಿದರು.

ನೀಲಾಂಬಿಕೆ ಮತ್ತೆ ಬಂದಾಗ ಇಬ್ಬರೂ ಕುಳಿತು ಒಕ್ಕಣೆ ಬರೆದೆವು. ಅವಳು ಹೇಳಿದ್ದರಲ್ಲಿ ಒಂದು ಬೈಗುಳವೂ ಇರಲಿಲ್ಲ. ನಾನು ನೀಲಾಂಬಿಕೆ. ಅಪ್ಪ ತೀರಿಕೊಂಡಾಗ ನಾನು ಪತ್ರಿಕೆಯವಳು. ಅಣ್ಣ ಸುದ್ದಿಯನ್ನು ಮೈಕಿನಲ್ಲಿ ಮಾತ್ರ ಹೇಳಿಸಿದ. ಆಳನ್ನೂ ಕಳಿಸಲಿಲ್ಲ. ಹಾರ ಹಾಕಿದ ಫೋಟೋ ನೋಡಿ ನನಗೆ ತಿಳಿಯಿತು. ನಾನು ಬಾರದೆ ಇದ್ದದ್ದಲ್ಲ. ಇಷ್ಟೇ. ಈ ಸಲ ಯಾವ ಸಾಲನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ.

ಅವಳ ಹತ್ತಿರ ಇದ್ದ ಹಣ ಅಣ್ಣ ಖರ್ಚು ಮಾಡಿದ್ದರ ಕಾಲು ಭಾಗವೂ ಅಲ್ಲ. ನಾಲ್ಕು ಕಡೆಗೂ ಸ್ವಲ್ಪ ಸ್ವಲ್ಪ ಹಂಚಿದರೆ ಎಲ್ಲ ಕಡೆಯೂ ತೆಳ್ಳಗಾಗುತ್ತದೆ, ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಯಾವುದಾದರೂ ಒಂದನ್ನು ಬಿಡಬೇಕು ಎಂದೆ.

“ಮೈಕ್ ಬಿಡ್ರಿ” ಎಂದಳು ತಕ್ಷಣ.

ನಿಮ್ಮ ಅಣ್ಣನಿಗೆ ಕೇಳಿಸುವುದು ಅದೊಂದೇ, ಅದನ್ನೇ ಬಿಟ್ಟರೆ ಹೇಗೆ ಎಂದು ಕೇಳಿದೆ.

“ಅವನಿಗೆ ಗೊತ್ತಿರೋದೇ ಅಲ್ವಾ ಅಕ್ಕಾ? ಗೊತ್ತಿಲ್ಲದೇ ಇರೋದು ಊರಿಗೆ. ಗೊತ್ತಿರೋನಿಗೆ ಹೇಳೋಕೆ ನಾನ್ಯಾಕೆ ದುಡ್ಡು ಹಾಕ್ಲಿ?”

ಇಷ್ಟು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯೂ ನನಗೆ ಇಷ್ಟು ಸ್ಪಷ್ಟವಾಗಿ ಲೆಕ್ಕ ಹೇಳಿರಲಿಲ್ಲ. ಅವಳ ಹುಡುಗಿಯರ ತಾಯಂದಿರು ಯಾವ ಕಡೆಯವರು ಎಂದು ಕೇಳಿ ತಿಳಿದುಕೊಂಡೆ. ಹೆಚ್ಚಿನವರು ಗೋಡೆಯವರು, ಕೆಲವರು ಪರದೆಯವರು. ಗಿರಣಿಯ ಗೋಡೆಯಲ್ಲಿ ಅಣ್ಣನ ಜಾಹೀರಾತಿನ ಅವಧಿ ಮುಗಿದಿತ್ತು. ಸುಣ್ಣ ಬಳಿಸಿ ಅದೇ ಗೋಡೆಯನ್ನು ಅವಳಿಗೆ ಕೊಡಿಸಿದೆ. ಹೊಳೆಯಾಚೆ ಇನ್ನೊಂದು ಸಣ್ಣ ಗೋಡೆ, ಶನಿವಾರ ಭಾನುವಾರದ ಮಧ್ಯಾಹ್ನದ ಆಟಕ್ಕೆ ಸ್ಲೈಡು, ಪತ್ರಿಕೆಯಲ್ಲಿ ಒಂದೇ ಒಂದು ಸಲ, ಅಂಗೈಯಷ್ಟು ಜಾಗ.

ಗೋಡೆ ಬರೆದು ಮುಗಿಸಿದ ದಿನ ಗಿರಣಿಯ ಹತ್ತಿರ ಹೋಗಿ ನಿಂತೆ. ಹಿಟ್ಟಿನ ಡಬ್ಬಿ ಸೊಂಟಕ್ಕೆ ಇಟ್ಟುಕೊಂಡ ಹೆಂಗಸರು ಓದಿದರು. ಒಬ್ಬಳು ಡಬ್ಬಿ ಕೆಳಗಿಟ್ಟು ಮತ್ತೊಮ್ಮೆ ಮೊದಲಿನಿಂದ ಓದಿದಳು.

ಅಂಗಡಿಗೆ ಬರುವ ಗಿರಾಕಿಗಳು ತಂಗಿ ಸಿಕ್ಕಳಾ ಎಂದು ಕೇಳುವುದನ್ನು ನಿಲ್ಲಿಸಿದರು. ಪಾತ್ರೆಯ ಬೆಲೆ ಕೇಳುತ್ತಿದ್ದರು, ಕೊಂಡು ಹೋಗುತ್ತಿದ್ದರು, ಅಷ್ಟೇ. ಮೈಕಿನವರಾದ ಕೆಲವರು ಮಾತ್ರ ಮೊದಲಿನಂತೆ ಅಯ್ಯೋ ಪಾಪ ಎನ್ನುತ್ತಿದ್ದರು. ಹೊಲಿಗೆಯ ಕೋಣೆಯಲ್ಲಿ ನಾಲ್ಕನೆಯ ಮಿಷನ್ನು ಓಡಲು ಶುರುವಾಯಿತು ಎಂದು ಯಾರೋ ಹೇಳಿದರು. ಮದುವೆ ಹತ್ತಿರ ಬರುತ್ತಿತ್ತು.

ಶಂಭುಲಿಂಗಪ್ಪ ಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಈ ಸಲ ಅವನು ಕೂರಲಿಲ್ಲ. ಮಗಳು ದಾಕ್ಷಾಯಣಿ ಪತ್ರಿಕೆಯವಳು. ಭಾನುವಾರ ಬೆಳಿಗ್ಗೆ ಅವನ ಎದುರಿಗೇ ಕುಳಿತು ಪತ್ರಿಕೆ ಓದುತ್ತಿದ್ದವಳು ಒಂದು ಕಡೆ ಕಣ್ಣು ನಿಲ್ಲಿಸಿದಳಂತೆ. ಆಮೇಲೆ ಪತ್ರಿಕೆಯನ್ನು ಮಡಿಸಿ ಅವನ ತಟ್ಟೆಯ ಪಕ್ಕ ಇಟ್ಟು ಎದ್ದುಹೋದಳಂತೆ. ಆವತ್ತಿನಿಂದ ಅವನ ಜೊತೆ ಊಟಕ್ಕೆ ಕೂತಿಲ್ಲ. ಅವನು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದ. ಅಲ್ಲಿ ಅಂಗೈಯಷ್ಟು ಬಿಳಿ ಜಾಗ ಮಾತ್ರ ಇತ್ತು. ಏನಮ್ಮಾ ಅದು ಎಂದು ಕೇಳಿದರೆ ಹುಡುಗಿ ಹೇಳಿದಳಂತೆ, ಅವನಿಗೆ ಏನು ಹೇಳಿದಳೆಂದು ಈಗ ನೆನಪಿಲ್ಲ. ಎರಡು ಸಲ ಹೇಳಿಸಿಕೊಂಡನಂತೆ, ಎರಡು ಸಲವೂ ನಿಲ್ಲಲಿಲ್ಲ.

“ಅವಳು ಬಂದಿದ್ಲು, ಅಲ್ವಾ? ನಿಮ್ಮ ಹತ್ರಾನೇ ಬಂದಿರ್ತಾಳೆ. ಬೇರೆ ಯಾರ ಹತ್ರ ಹೋಗ್ತಾಳೆ” ಎಂದ.

ಒಬ್ಬ ಗಿರಾಕಿಯ ವಿಷಯವನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದೆ. ಹೇಳಿದರೂ ನಿನ್ನಲ್ಲಿ ನಿಲ್ಲುವುದಿಲ್ಲ ಎಂದು ಸೇರಿಸಬೇಕಾಗಿ ಬರಲಿಲ್ಲ. ಅವನು ಕಿಟಕಿಯ ಕಡೆ ತಿರುಗಿ ನಿಂತು ಬಹಳ ಹೊತ್ತು ಮಾತಾಡಿದ. ಅಪ್ಪ ಮಲಗಿದಲ್ಲೇ ಆದ ಆ ಎರಡು ವರ್ಷ ಎತ್ತಿದ್ದು, ಕೂರಿಸಿದ್ದು, ಮೈ ಒರೆಸಿದ್ದು, ರಾತ್ರಿ ಎದ್ದು ಮಗ್ಗುಲು ಬದಲಿಸಿದ್ದು ಎಲ್ಲ ತಾನು. ತಂಗಿ ತಿಂಗಳಿಗೊಮ್ಮೆ ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದಳು. ಆದರೂ ಅಪ್ಪನ ಬಾಯಲ್ಲಿ ನೀಲಾ ಬಂದಳಾ, ನೀಲಾ ಯಾವಾಗ ಬರ್ತಾಳೆ ಎಂಬ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಕೊನೆಯ ದಿನ ಗಂಜಿ ಕುಡಿಸುತ್ತಿದ್ದ ಅವನ ಕೈ ಹಿಡಿದು, ನೀಲಾ ಬಂದೆಯಾ ಎಂದರಂತೆ. ಅದೇ ಸಂಜೆ ಹೋದರು.

“ಕೂಗ್ಸೋವಾಗ ನನಗೆ ಗೊತ್ತಿತ್ತು ಅಕ್ಕಾ. ಅವಳಿಗೆ ಮುಟ್ಟಲ್ಲ ಅಂತ ಗೊತ್ತಿದ್ದೇ ಹೇಳಿದ್ದು” ಎಂದ. ಕಿಟಕಿಯ ಸರಳು ಹಿಡಿದುಕೊಂಡು, “ಆಮೇಲೆ ಜನ ಬಂದು ಮಗಳು ಬರ್ಲಿಲ್ವಾ ಅಂದಾಗ, ಇಲ್ಲ ಅಂದೆ. ಹೇಳ್ತಾ ಹೇಳ್ತಾ ನನಗೂ ಹಾಗೇ ಅನ್ನಿಸಿಬಿಡ್ತು, ಅವಳೇ ಬರ್ಲಿಲ್ಲ ಅಂತ.”

ನಾನು ಟೀ ತರಿಸಿದೆ. ಈ ಸಲ ಕುಡಿದ. ಕುಡಿದು ಮುಗಿಸಿ, ಗಿರಾಕಿಗಳು ಮಾತಾಡುವ ಧಾಟಿಯಲ್ಲಿಯೇ, ಒಂದು ಕೆಲಸ ಮಾಡಿಕೊಡಬೇಕು ಎಂದ. ಅವಳು ಏನು ಬರೆಸಿದ್ದಾಳೋ ಅದನ್ನು ಮೈಕಿನಲ್ಲಿ ಒಂದು ಸಲ, ತನ್ನ ಅಂಗಡಿಯ ಮುಂದೆ, ತಾನು ಇರುವಾಗ ಕೂಗಿಸಬೇಕು. ಖರ್ಚು ತನ್ನದು. ಒಂದು ಅಕ್ಷರವನ್ನೂ ಬದಲಾಯಿಸುವುದು ಬೇಡ. ಅಲ್ಲಿ ಏನಿದೆಯೋ ನಿನಗೆ ಗೊತ್ತಿಲ್ಲವಲ್ಲ, ಪೇಟೆಯ ನಡುವೆ, ಅಷ್ಟು ಜನರ ಮುಂದೆ ಎಂದು ಕೇಳಿದೆ. ಊರಿಗೆಲ್ಲ ಗೊತ್ತಾಗಿರುವುದು ತನಗೊಬ್ಬನಿಗೆ ಗೊತ್ತಿಲ್ಲದೆ ಅಂಗಡಿಯಲ್ಲಿ ಕೂರುವುದಕ್ಕೆ ಆಗುತ್ತಿಲ್ಲ ಎಂದ. ಮಗಳ ಮುಖ ನೋಡುವುದಕ್ಕೂ ಆಗುತ್ತಿಲ್ಲ ಎಂದ.

ಅವಳ ಮಾತು ಅವಳದು. ಅವಳನ್ನು ಕೇಳದೆ ನಾನು ಬೇರೆ ದಾರಿಗೆ ಹಾಕುವಂತಿರಲಿಲ್ಲ. ಹೊಳೆ ದಾಟಿ ಹೊಲಿಗೆಯ ಕೋಣೆಗೆ ಹೋದೆ. ನೀಲಾಂಬಿಕೆ ಒಬ್ಬ ಹುಡುಗಿಗೆ ತೋಳು ಕೂಡಿಸುವುದನ್ನು ಹೇಳಿಕೊಡುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಅವನು ನನ್ನ ಮುಂದೆ ಹೇಳಿಕೊಂಡದ್ದನ್ನು ಹೇಳಲಿಲ್ಲ. ಅದನ್ನು ಹೇಳಬೇಕಾದವನು ಅವನು. ಅಣ್ಣ ಕೇಳಬೇಕು ಅಂತಿದ್ದಾನೆ, ಖರ್ಚು ತಾನೇ ಕೊಡುತ್ತಾನಂತೆ ಎಂದಷ್ಟೇ ಹೇಳಿದೆ. ಅವಳು ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಹುಡುಗಿ ತೋಳು ಉಲ್ಟಾ ಹಾಕಿದ್ದನ್ನೂ ಗಮನಿಸಲಿಲ್ಲ.

“ಸಾಬರು ಓದೋದು ಬೇಡ. ನಾನೇ ಓದ್ತೀನಿ” ಎಂದಳು.

ಗುರುವಾರ ಹನ್ನೊಂದರ ಹೊತ್ತಿಗೆ ದಸ್ತಗೀರ್‌ ಸಾಬರ ಆಟೋ ಪಾತ್ರೆ ಅಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ನೀಲಾಂಬಿಕೆ, ಪಕ್ಕದಲ್ಲಿ ನಾನು. ಸಾಬರು ಮೈಕನ್ನು ಅವಳ ಕೈಗೆ ಕೊಟ್ಟು, ಬಾಯಿಗೆ ಎಷ್ಟು ದೂರ ಹಿಡಿಯಬೇಕೆಂದು ತೋರಿಸಿದರು. ಶಂಭುಲಿಂಗಪ್ಪ ಗಲ್ಲಾದಿಂದ ಎದ್ದು ಬಂದು ಮೆಟ್ಟಿಲ ಮೇಲೆ ನಿಂತ. ತಂಗಿಯೇ ಬರುತ್ತಾಳೆಂದು ನಾನು ಅವನಿಗೆ ಹೇಳಿರಲಿಲ್ಲ. ಅವಳನ್ನು ನೋಡಿದವನು ಪಕ್ಕದಲ್ಲಿ ಜೋಡಿಸಿಟ್ಟಿದ್ದ ಹಂಡೆಗಳ ಮೇಲೆ ಕೈಯಿಟ್ಟು ನಿಂತುಕೊಂಡ.

ಅವಳು ಓದಲು ಶುರುಮಾಡಿದಳು. ಪಕ್ಕದಲ್ಲೇ ಕೂತಿದ್ದರೂ ನನಗೆ ಕೇಳಿಸಿದ್ದು ಆ ಗುಂಯ್ಯೆನ್ನುವ ಸದ್ದು ಮಾತ್ರ. ಅವಳ ತುಟಿ ಆಡುವುದು ಕಾಣುತ್ತಿತ್ತು. ಒಕ್ಕಣೆ ನನಗೆ ಬಾಯಿಪಾಠ, ಹಾಗಾಗಿ ಯಾವ ಸಾಲಿಗೆ ಬಂದಿದ್ದಾಳೆಂದು ತುಟಿಯನ್ನು ನೋಡಿಯೇ ತಿಳಿಯುತ್ತಿತ್ತು. ನಾನು ಅಣ್ಣನ ಮುಖ ನೋಡುತ್ತಿದ್ದೆ. ಆಳನ್ನೂ ಕಳಿಸಲಿಲ್ಲ ಎನ್ನುವಲ್ಲಿ ಅವನ ತಲೆ ತಗ್ಗಿತು. ಫೋಟೋದ ಸಾಲಿಗೆ ಮತ್ತೆ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ. ಅವಳು ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ಬೀದಿಯಲ್ಲಿ ಮೈಕಿನವರು ನಿಂತಲ್ಲೇ ನಿಂತಿದ್ದರು. ಉಳಿದವರು ಏನಾಗುತ್ತಿದೆ ಎಂದು ಅವರ ಮುಖ ನೋಡುತ್ತಿದ್ದರು.

ಓದಿ ಮುಗಿಯಿತು. ಮಾತಾಗಿದ್ದು ಇಷ್ಟಕ್ಕೇ. ಸಾಬರು ಆಟೋ ಚಾಲು ಮಾಡಿದರು. ಆಗ ಶಂಭುಲಿಂಗಪ್ಪ ಮೆಟ್ಟಿಲು ಇಳಿದು ಬಂದ. ಚಪ್ಪಲಿ ಹಾಕಿಕೊಂಡಿರಲಿಲ್ಲ. ಸಾಬರ ಪಕ್ಕದಲ್ಲಿ, ಡ್ರೈವರ್ ಸೀಟಿನ ಅಂಚಿನಲ್ಲಿ ಒತ್ತಿಕೊಂಡು ಕುಳಿತ.

“ಅಪ್ಪ ಹೋದಾಗ ಎಲ್ಲೆಲ್ಲಿ ಕೂಗಿದ್ರೋ ಅಲ್ಲಿಗೆಲ್ಲಾ ಹೋಗ್ಲಿ ಸಾಬ್ರೆ” ಎಂದ.

ಸಾಬರು ತಿರುಗಿ ನೀಲಾಂಬಿಕೆಯನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಅವಳು ಹಾಳೆಯನ್ನು ಮತ್ತೆ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು.

ಪೇಟೆಯಿಂದ ಕೋಟೆ ಬೀದಿಗೆ, ಅಲ್ಲಿಂದ ನೇಕಾರರ ಕೇರಿಗೆ, ಸಂತೆ ಮೈದಾನಕ್ಕೆ, ಹೊಳೆ ಬಾಗಿಲಿಗೆ ಆಟೋ ಹೋಯಿತು. ಪ್ರತಿ ತಿರುವಿನಲ್ಲೂ ನಿಂತಿತು. ಪ್ರತಿ ಕಡೆಯೂ ಅವಳು ಓದಿದಳು, ಅವನು ಎದುರಿಗೆ ಜನರಿಗೆ ಕಾಣುವಂತೆ ಕೂತಿದ್ದ. ಕೋಟೆ ಬೀದಿಯಲ್ಲಿ ಅವರ ಅಪ್ಪನ ಓರಗೆಯ ಮುದುಕಿಯೊಬ್ಬಳು ಕಟ್ಟೆಯಿಂದ ಎದ್ದು ಆಟೋದ ಹತ್ತಿರ ಬಂದಳು. ಅವನ ಮುಖವನ್ನೇ ದಿಟ್ಟಿಸಿ, “ಹೌದೇನಪ್ಪಾ ಶಂಭುಲಿಂಗ?” ಎಂದು ಕೇಳಿದಳು. ಅವನು “ಹೌದವ್ವಾ” ಎಂದ. ನೇಕಾರರ ಕೇರಿಯಲ್ಲಿ ಅವನ ಅಂಗಡಿಯ ಹಳೆಯ ಗಿರಾಕಿಯೊಬ್ಬ ಹಾಗೆಯೇ ಕೇಳಿದ. ಅವನಿಗೂ ಹೌದು ಎಂದ. ಆಮೇಲೆ ಯಾರಾದರೂ ಹತ್ತಿರ ಬಂದರೆ ಸಾಕು, ಕೇಳುವ ಮೊದಲೇ ಹೌದು ಎನ್ನುತ್ತಿದ್ದ. ಆ ಬೆಳಿಗ್ಗೆ ಊರೆಲ್ಲ ಸುತ್ತಿ ನನಗೆ ಕೇಳಿಸಿದ ಮಾತು ಅದೊಂದೇ.

ಹೊಳೆ ಬಾಗಿಲು ಕೊನೆಯದು. ಅಲ್ಲಿ ನೀಲಾಂಬಿಕೆಯ ತುಟಿ ಎರಡು ಕಡೆ ತಡೆದು ಮುಂದುವರಿದದ್ದನ್ನು ನೋಡಿದೆ. ಓದಿ ಮುಗಿಸಿ, ಮೈಕನ್ನು ಸಾಬರ ಕೈಗೆ ಕೊಟ್ಟಳು. ಸಾಬರು ಗುಂಡಿ ಒತ್ತಿ ಅದನ್ನು ಆರಿಸಿದರು. ಹೊಳೆಯ ನೀರು ಮೆಟ್ಟಿಲಿಗೆ ಬಡಿಯುವ ಸದ್ದು ಕೇಳಿಸತೊಡಗಿತು. ಅಲ್ಲಿಂದ ಸೇತುವೆ ದಾಟಿದರೆ ಅವಳ ಬೀದಿ. ನಡೆದೇ ಹೋಗುತ್ತೇನೆ ಎಂದು ಇಳಿದಳು. ಶಂಭುಲಿಂಗಪ್ಪನೂ ಇಳಿದ. ಬಿಸಿಯಾದ ನೆಲದ ಮೇಲೆ ಬರಿಗಾಲಿನಲ್ಲಿ ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಎತ್ತಿಡುತ್ತ ನಿಂತ.

ನೀಲಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

“ಅರಿಶಿನ ಯಾವತ್ತು?” ಎಂದು ಕೇಳಿದಳು.

“ಸೋಮವಾರ” ಎಂದ. “ಸೋಮವಾರ, ಬೆಳಿಗ್ಗೆ.”

ಅವಳು ತಲೆಯಾಡಿಸಿ ಸೇತುವೆಯ ಕಡೆ ನಡೆದಳು.